ಸಲಿಕೆ ಹಿಡಿದವನೇ ಅಧ್ಯಕ್ಷನಾದ ಕ್ಲಬ್ಬು

ಆಕ್ಸ್‌ಫರ್ಡಿನ ಇಫ್ಲಿ ರಸ್ತೆಯ ಮೈದಾನಕ್ಕೆ ಹೋದದ್ದು ರೋಜರ್ ಬ್ಯಾನಿಸ್ಟರ್ ಜಗತ್ತಿನಲ್ಲೇ ಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಜಾಗ ನೋಡಬೇಕೆಂದು. ಆದರೆ ನನ್ನನ್ನು ಸಂಜೆಯವರೆಗೂ ಅಲ್ಲಿ ಹಿಡಿದು ನಿಲ್ಲಿಸಿದ್ದು ಆವತ್ತು ನಡೆಯುತ್ತಿದ್ದ ಅಂತರ ಕಾಲೇಜು ಅಥ್ಲೆಟಿಕ್ಸ್ ಕೂಟ. ಅಲ್ಲಿಯವರು ಇದನ್ನು ‘ಕಪ್ಪರ್ಸ್’ ಅನ್ನುತ್ತಾರೆ. ಅಕ್ಟೋಬರಿನ ಜಿಟಿಜಿಟಿ ಮಳೆ. ಉದ್ದ ಜಿಗಿತದ ಗುಂಡಿಯಲ್ಲಿ ಒಬ್ಬ ಹುಡುಗಿ ಮರಳು ಎಳೆದು ಸಮ ಮಾಡುತ್ತಿದ್ದಳು. ಇನ್ನೊಬ್ಬ ಟೇಪು ಹಿಡಿದು ಅಳತೆ ಕೂಗುತ್ತಿದ್ದ, ಮತ್ತೊಬ್ಬ ನೆನೆದ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದ. ಸೀಟಿ ಊದುವ ದೈಹಿಕ ಶಿಕ್ಷಣದ ಮೇಷ್ಟ್ರು ಎಲ್ಲಿದ್ದಾರೆಂದು ನೋಡಿದೆ. ಮೈದಾನದಲ್ಲಿ ಅಂಥವರು ಯಾರೂ ಕಾಣಲಿಲ್ಲ.

ಮರಳು ಎಳೆಯುತ್ತಿದ್ದ ಹುಡುಗಿಯನ್ನೇ ವಿಚಾರಿಸಿದೆ. ಅವಳು ಜೀವರಸಾಯನಶಾಸ್ತ್ರದ ವಿದ್ಯಾರ್ಥಿನಿ, ಕ್ಲಬ್ಬಿನ ಸಮಿತಿಯಲ್ಲಿ ಇದ್ದವಳು. ಆವತ್ತಿನ ಕೂಟದ ವೇಳಾಪಟ್ಟಿ ಹಾಕಿದ್ದು, ಕಾಲೇಜುಗಳಿಂದ ಹೆಸರು ತರಿಸಿದ್ದು, ತೀರ್ಪುಗಾರರನ್ನು ಹೊಂದಿಸಿದ್ದು ಎಲ್ಲ ಆ ಸಮಿತಿಯೇ. ತರಬೇತುದಾರರು ಇದ್ದಾರೆ, ಅವರ ಕೆಲಸ ಓಡುವುದನ್ನು ಕಲಿಸುವುದು. ಕ್ಲಬ್ಬು ನಡೆಸುವುದು ಸದಸ್ಯರ ಕೆಲಸ. ‘ನಾಳೆ ಬೆಳಿಗ್ಗೆ ಲ್ಯಾಬ್ ಇದೆ, ಇವತ್ತು ಇದು ಮುಗಿಸಬೇಕು’ ಎಂದು ಮತ್ತೆ ಮರಳಿಗೆ ತಿರುಗಿದಳು. ಅವಳು ಸ್ವಲ್ಪ ಹೊತ್ತಿನ ನಂತರ ಅದೇ ಗುಂಡಿಗೆ ತಾನೂ ಜಿಗಿದಳು. ಆ ಕಾಲೇಜು ಹುಡುಗಿಯ ದುಡಿಮೆ ನೋಡಿದ ಮೇಲೆ ಬ್ಯಾನಿಸ್ಟರನ ಕಥೆಯೇ ನನಗೆ ಬೇರೆಯಾಗಿ ಕಾಣತೊಡಗಿತು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಅಥ್ಲೆಟಿಕ್ ಕ್ಲಬ್ಬು ಹುಟ್ಟಿದ್ದು 1860ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಎಕ್ಸೆಟರ್ ಕಾಲೇಜಿನ ಹುಡುಗರು ತಮ್ಮತಮ್ಮಲ್ಲೇ ಓಟದ ಪಂದ್ಯ ಇಟ್ಟುಕೊಂಡಿದ್ದರು. ಕೇಂಬ್ರಿಜ್ ಜೊತೆಗಿನ ಮೊದಲ ಅಥ್ಲೆಟಿಕ್ಸ್ ಸ್ಪರ್ಧೆ 1864ರಲ್ಲಿ. ಇಫ್ಲಿ ರಸ್ತೆಗೆ ಕ್ಲಬ್ಬು ಬಂದದ್ದು 1876ರಲ್ಲಿ. 1880ರಲ್ಲಿ ಇದೇ ಊರಿನ ರಾಂಡಾಲ್ಫ್ ಹೋಟೆಲಿನಲ್ಲಿ ಕ್ಲೆಮೆಂಟ್ ಜಾಕ್ಸನ್, ಮಾಂಟೆಗ್ಯೂ ಶಿಯರ್‌ಮನ್, ಬರ್ನ್‌ಹಾರ್ಡ್ ವೈಸ್ ಎಂಬ ಮೂವರು ಆಕ್ಸ್‌ಫರ್ಡ್ ಮಂದಿ ಮುಂದೆ ನಿಂತು ಇಂಗ್ಲೆಂಡಿನ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ನನ್ನು ಕಟ್ಟಿದರು. ಈ ಮೂವರ ಬಗ್ಗೆ ನನಗೆ ವಿಶೇಷ ಗೌರವವಿದೆ. 1866ರಲ್ಲಿ ಹುಟ್ಟಿದ್ದ ಹಿಂದಿನ ಸಂಸ್ಥೆ ಕೂಲಿ ಮಾಡುವವರನ್ನು, ಕುಶಲಕರ್ಮಿಗಳನ್ನು ಟ್ರ್ಯಾಕಿನ ಹತ್ತಿರವೂ ಬಿಟ್ಟುಕೊಂಡಿರಲಿಲ್ಲ. ಆ ಬಾಗಿಲು ತೆರೆದದ್ದು 1880ರ ಸಭೆ.

ಬ್ಯಾನಿಸ್ಟರ್ ಎಕ್ಸೆಟರ್ ಕಾಲೇಜಿಗೆ ಸೇರಿದ್ದು 1946ರಲ್ಲಿ, ಹದಿನೇಳನೆಯ ವಯಸ್ಸಿಗೆ. ವೈದ್ಯನಾಗಲು ಬಂದ ಹುಡುಗ, ಅದಕ್ಕೆ ಮೊದಲು ಮುಳ್ಳಿನ ಬೂಟು ಹಾಕಿಯೇ ಗೊತ್ತಿರಲಿಲ್ಲ. ಆ ವರ್ಷದ ಚಳಿಗಾಲ ಇಂಗ್ಲೆಂಡಿನಲ್ಲಿ ಭೀಕರವಾಗಿತ್ತು, ಟ್ರ್ಯಾಕಿನ ಮೇಲೆ ಹಿಮ ಕೂತಿತ್ತು. ಸಲಿಕೆ ಹಿಡಿದು ಹಿಮ ಎತ್ತಿಹಾಕಿದವರಲ್ಲಿ ಈ ಹುಡುಗನೂ ಒಬ್ಬ. 1947ರ ಮಾರ್ಚಿನಲ್ಲಿ ಕೇಂಬ್ರಿಜ್ ವಿರುದ್ಧದ ಮೈಲಿ ಓಟಕ್ಕೆ ಅವನನ್ನು ಮೂರನೆಯ ಓಟಗಾರನಾಗಿ ಸೇರಿಸಿಕೊಂಡರು. ಮುಂದಿರುವವರಿಗೆ ವೇಗ ಹಾಕಿಕೊಟ್ಟು ಹಿಂದೆ ಸರಿಯುವುದಷ್ಟೇ ಅವನಿಗೆ ವಹಿಸಿದ ಕೆಲಸ. ಅವನು ಹಿಂದೆ ಸರಿಯಲಿಲ್ಲ. 4 ನಿಮಿಷ 30.8 ಸೆಕೆಂಡಿನಲ್ಲಿ ಇಪ್ಪತ್ತು ಗಜ ಮುಂದಾಗಿ ಗೆದ್ದ. ಮುಂದೆ ಕಾರ್ಯದರ್ಶಿಯಾದ, ಅಧ್ಯಕ್ಷನಾದ. ಅಧ್ಯಕ್ಷನಾಗಿ ಅವನು ಹಟ ಹಿಡಿದದ್ದು ಹಳೆಯ ಟ್ರ್ಯಾಕನ್ನು ಕಿತ್ತು ಹೊಸದು ಮಾಡಿಸಬೇಕೆಂದು. ಮೈಲಿಗೆ ಮೂರು ಸುತ್ತಿನ ಹಳೆಯ ಟ್ರ್ಯಾಕು ಉಬ್ಬುತಗ್ಗಾಗಿತ್ತು. ಮೈಲಿಗೆ ನಾಲ್ಕು ಸುತ್ತಿನ ಹೊಸ ಟ್ರ್ಯಾಕು 1950ರಲ್ಲಿ ಸಿದ್ಧವಾಯಿತು.

ಇಲ್ಲಿ ಒಂದು ಸಂಗತಿ ನನ್ನನ್ನು ಬಿಡದೆ ಹಿಂಬಾಲಿಸಿತು. ಹಳೆಯ ಟ್ರ್ಯಾಕಿನಲ್ಲಿ ಆಕ್ಸ್‌ಫರ್ಡಿನವರು ಓಡುತ್ತಿದ್ದದ್ದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ನಾವು ಗುಡಿಗೆ ಪ್ರದಕ್ಷಿಣೆ ಬರುವ ಹಾಗೆ, ಬಲಗೈ ಒಳಕ್ಕೆ. ಕೇಂಬ್ರಿಜ್‌ನ ಫೆನ್ನರ್ಸ್ ಮೈದಾನದಲ್ಲೂ ಹಾಗೆಯೇ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೂ ಬಲಕ್ಕೆ ತಿರುಗುತ್ತಲೇ ಓಡಿದರು, 1906ರಲ್ಲಿ ಅಲ್ಲೇ ನಡೆದ ಕೂಟದಲ್ಲೂ ಅದೇ ದಿಕ್ಕು. 1908ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಎಡಗೈ ಒಳಬದಿಗೆ ಬಂತು, ಆಮೇಲೆ ಅದೇ ಜಗತ್ತಿನ ನಿಯಮವಾಯಿತು. ಈಗ ನಮ್ಮ ಹಳ್ಳಿ ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದರೂ ಮಕ್ಕಳು ಎಡಕ್ಕೇ ತಿರುಗುತ್ತಾರೆ.

ಏಕೆ ಹೀಗೆ ಎಂದು ಕೇಳಿದರೆ ಸಿಗುವ ಉತ್ತರಗಳು ಹಲವು. ಹೃದಯ ಎಡಕ್ಕಿದೆ, ಬಲಗಾಲು ಹೆಚ್ಚು ಬಲವಾಗಿ ನೆಲ ಒತ್ತುತ್ತದೆ, ನೋಡುವವರ ಕಣ್ಣಿಗೆ ಎಡದಿಂದ ಬಲಕ್ಕೆ ಓಡುವುದು ಹಿತ. ನನಗೆ ಇವು ಯಾವುವೂ ಸಾಲವು. ದೇಹಕ್ಕೆ ಎಡತಿರುವೇ ಸಹಜವಾಗಿದ್ದರೆ, ಬಲಕ್ಕೆ ತಿರುಗುತ್ತ ಬೆಳೆದ ಆಕ್ಸ್‌ಫರ್ಡಿನವರು ಹೊರಗೆ ಹೋದಾಗ ಮುಗ್ಗರಿಸಬೇಕಿತ್ತು. ಆದದ್ದೇ ಬೇರೆ. ಕ್ಲೆಮೆಂಟ್ ಜಾಕ್ಸನ್ನರ ಅಣ್ಣನೋ ತಮ್ಮನೋ ಒಬ್ಬರ ಮಗ ಆರ್ನಲ್ಡ್ ಜಾಕ್ಸನ್ 1912ರ ಸ್ಟಾಕ್‌ಹೋಮ್‌ನಲ್ಲಿ 1500 ಮೀಟರ್ ಗೆದ್ದ. ಬೆವಿಲ್ ರಡ್ 1920ರ ಆಂಟ್‌ವರ್ಪ್‌ನಲ್ಲಿ 400 ಮೀಟರ್ ಗೆದ್ದ. ನ್ಯೂಜಿಲೆಂಡಿನಿಂದ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಬಂದ ಜಾಕ್ ಲವ್‌ಲಾಕ್ 1936ರ ಬರ್ಲಿನ್‌ನಲ್ಲಿ 1500 ಮೀಟರನ್ನು 3 ನಿಮಿಷ 47.8 ಸೆಕೆಂಡಿನ ವಿಶ್ವದಾಖಲೆಯೊಡನೆ ಗೆದ್ದ. ಮೂವರೂ ಇಫ್ಲಿ ರಸ್ತೆಯಲ್ಲಿ ಒಂದು ದಿಕ್ಕಿಗೆ ಓಡಿದವರು, ಒಲಿಂಪಿಕ್ಸ್‌ನಲ್ಲಿ ಇನ್ನೊಂದು ದಿಕ್ಕಿಗೆ ಓಡಿ ಚಿನ್ನ ತಂದವರು. ದಿಕ್ಕು ಬರೀ ರೂಢಿ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಲ್ಲರೂ ಒಂದೇ ಕಡೆ ಓಡಿದರೆ ಊರೂರಿನ ವೇಳೆಯನ್ನು ಹೋಲಿಸಬಹುದು, ನಿಯಮದ ಬೆಲೆ ಅಷ್ಟೇ. ಸ್ವಂತ ರೂಢಿಯನ್ನು ಬಿಟ್ಟು ಲೋಕದ ಅಳತೆಗೆ ಬರಬೇಕೆಂದು ಒಂದು ಹಳೆಯ ಕ್ಲಬ್ಬಿಗೆ ಮನವರಿಕೆ ಮಾಡಿದ್ದು ಇಪ್ಪತ್ತರ ಆಸುಪಾಸಿನ ಒಬ್ಬ ವಿದ್ಯಾರ್ಥಿ, ಬ್ಯಾನಿಸ್ಟರ್. ಅದು ನನಗೆ ಅವನ ದಾಖಲೆಯಷ್ಟೇ ದೊಡ್ಡದು.

ದಾಖಲೆಯ ಕಥೆ ಎಲ್ಲರಿಗೂ ಗೊತ್ತು. ಆದರೂ ‘ಆಕ್ಸ್‌ಫರ್ಡ್ ವಿದ್ಯಾರ್ಥಿ ನಾಲ್ಕು ನಿಮಿಷದ ಗೋಡೆ ಒಡೆದ’ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. 1954ರ ಮೇ 6ರಂದು ಬ್ಯಾನಿಸ್ಟರ್ ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿರಲಿಲ್ಲ. ಬೆಳಿಗ್ಗೆ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ರೈಲು ಹಿಡಿದು ಬಂದಿದ್ದ. ಓಡಿದ್ದು ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ತಂಡಕ್ಕಾಗಿ, ಅದೂ ತನ್ನ ಹಳೆಯ ವಿಶ್ವವಿದ್ಯಾಲಯದ ವಿರುದ್ಧವೇ. ಗಾಳಿ ಜೋರಾಗಿತ್ತು, ಪಕ್ಕದ ಚರ್ಚಿನ ಮೇಲಿನ ಬಾವುಟ ನೋಡುತ್ತ ಓಡುವುದೋ ಬೇಡವೋ ಎಂದು ಕೊನೆಯವರೆಗೂ ತೂಗಿದ. ಮೈಲಿ ಓಟಕ್ಕೆ ನಿಂತವರು ಆರೇ ಮಂದಿ. ಮೊದಲು ವೇಗ ಹಾಕಿಕೊಟ್ಟದ್ದು ಕೇಂಬ್ರಿಜ್‌ನಲ್ಲಿ ಓದಿದ ಕ್ರಿಸ್ ಬ್ರಾಷರ್, ಆಮೇಲೆ ಆಕ್ಸ್‌ಫರ್ಡಿನ ಕ್ರಿಸ್ ಚಾಟವೇ. ಧ್ವನಿವರ್ಧಕದಲ್ಲಿ ವೇಳೆ ಹೇಳಿದ್ದು ಇದೇ ಕ್ಲಬ್ಬಿನ ಹಳೆಯ ಓಟಗಾರ ನಾರಿಸ್ ಮೆಕ್‌ವರ್ಟರ್. ‘ಮೂರು’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಉಳಿದದ್ದು ಜನರ ಕೂಗಿನಲ್ಲಿ ಮುಳುಗಿತು. 3 ನಿಮಿಷ 59.4 ಸೆಕೆಂಡು. ನಲವತ್ತಾರು ದಿನ ಕಳೆಯುವುದರೊಳಗೆ ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಫಿನ್ಲೆಂಡಿನಲ್ಲಿ ಅದನ್ನು ಮುರಿದ.

ಆ ಓಟದಲ್ಲಿ ಮೂರನೆಯವನಾಗಿ ಬಂದವನು ಟಾಮ್ ಹುಲಾಟ್. ಡರ್ಬಿಶೈರಿನ ಗಣಿ ಸೀಮೆಯ ಟಿಬ್‌ಶೆಲ್ಫ್ ಎಂಬ ಹಳ್ಳಿಯವನು, ಯಾವ ದೊಡ್ಡ ವಿಶ್ವವಿದ್ಯಾಲಯದ ಅಂಗಳದಿಂದಲೂ ಬಂದವನಲ್ಲ. 1880ರಲ್ಲಿ ತೆರೆದ ಬಾಗಿಲಿನಿಂದ ಒಳಗೆ ಬಂದ ಮನುಷ್ಯ ಎಂದು ನಾನು ಅವನನ್ನು ನೆನೆಯುತ್ತೇನೆ.

ಒಂದು ಕ್ಲಬ್ಬು ಏನು ಕೊಡುತ್ತದೆ ಎಂಬುದು ಪದಕದ ಪಟ್ಟಿಯಲ್ಲಿ ಪೂರ್ತಿ ಕಾಣುವುದಿಲ್ಲ. ಬ್ರಾಷರ್ 1956ರ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದ ನಿಜ. 1981ರಲ್ಲಿ ಲಂಡನ್ ಮ್ಯಾರಥಾನ್ ಆರಂಭಿಸಿ, ಊರಿನ ಮಂದಿಯನ್ನೆಲ್ಲ ರಸ್ತೆಗೆ ಇಳಿಸಿದ್ದು ಅದಕ್ಕಿಂತ ದೊಡ್ಡ ಕೆಲಸ. ಗಿನ್ನೆಸ್ ಕಂಪನಿ ದಾಖಲೆಗಳ ಪುಸ್ತಕ ಮಾಡುವವರನ್ನು ಹುಡುಕುತ್ತಿದ್ದಾಗ, ಅಲ್ಲಿ ಕೆಲಸದಲ್ಲಿದ್ದ ಚಾಟವೇ ತನ್ನ ಕ್ಲಬ್ಬಿನ ಗೆಳೆಯರಾದ ನಾರಿಸ್ ಮೆಕ್‌ವರ್ಟರ್ ಮತ್ತು ಅವನ ಅವಳಿ ಸೋದರನ ಹೆಸರು ಹೇಳಿದ. 1955ರಲ್ಲಿ ಗಿನ್ನೆಸ್ ದಾಖಲೆಗಳ ಪುಸ್ತಕ ಹೊರಬಂತು. ಬ್ಯಾನಿಸ್ಟರ್ ಹೆಸರಾಂತ ನರರೋಗ ತಜ್ಞನಾದ, ಪೆಂಬ್ರೋಕ್ ಕಾಲೇಜಿನ ಮುಖ್ಯಸ್ಥನಾದ. ಇವರೆಲ್ಲ ಓಟದ ಜೊತೆಗೆ ತಮ್ಮತಮ್ಮ ವಿಶ್ವವಿದ್ಯಾಲಯದ ಕ್ಲಬ್ಬಿನಲ್ಲಿ ಕೂಟ ನಡೆಸುವುದನ್ನು, ಜನರನ್ನು ಒಟ್ಟುಗೂಡಿಸುವುದನ್ನು ಕಂಡು ಬೆಳೆದವರು.

ನಮ್ಮಲ್ಲಿಯೂ ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಒಂದು ಗುರುತು ಉಳಿದಿದೆ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರನ್ನು ಇಂದಿಗೂ ‘ಯೂನಿವರ್ಸಿಟಿ ಬ್ಲೂ’ ಅನ್ನುತ್ತೇವೆ. ನಿವೃತ್ತರಾದ ಮೇಲೂ ಆ ಬ್ಲೇಜರನ್ನು ಬೀರುವಿನಲ್ಲಿ ಜೋಪಾನವಾಗಿಟ್ಟ ಹಿರಿಯರನ್ನು ನಾನು ಬಲ್ಲೆ. ಸಾಧನೆಯಲ್ಲೂ ನಾವು ಕಡಿಮೆಯವರಲ್ಲ. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯವೇ ಚಾಂಪಿಯನ್. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ವಿಶ್ವವಿದ್ಯಾಲಯ ಅಗ್ರಸ್ಥಾನ ಪಡೆಯಿತು. ಬಡ ಮನೆಯ ಪ್ರತಿಭಾವಂತರನ್ನು ದತ್ತು ತೆಗೆದುಕೊಂಡು, ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಕೊಡುವ ಅದೇ ಮೂಡುಬಿದಿರೆಯ ಆಳ್ವಾಸ್‌ನಂಥ ಶಿಕ್ಷಣ ಸಂಸ್ಥೆಯ ಕೆಲಸ ಆಕ್ಸ್‌ಫರ್ಡಿನಲ್ಲಿ ಕಾಣಸಿಗುವಂಥದ್ದಲ್ಲ. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ಬ್ಲೂ ತಂದುಕೊಂಡ ನಾವು ಕ್ಲಬ್ಬನ್ನು ತರಲಿಲ್ಲ. ನಮ್ಮಲ್ಲಿ ಮೈದಾನ ದೈಹಿಕ ಶಿಕ್ಷಣ ವಿಭಾಗದ್ದು, ಪಟ್ಟಿ ನಿರ್ದೇಶಕರದು, ವಿದ್ಯಾರ್ಥಿಯ ಪಾಲಿಗೆ ಉಳಿಯುವುದು ಓಡುವುದೊಂದೇ. ಪದಕ ಗೆಲ್ಲದ ಸಾವಿರಾರು ಹುಡುಗ ಹುಡುಗಿಯರಿಗೆ ವಾರ್ಷಿಕ ಕ್ರೀಡಾದಿನದ ಪಥಸಂಚಲನ ಬಿಟ್ಟರೆ ಮೈದಾನದ ನಂಟೇ ಇಲ್ಲ. ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿಗಳೇ ಆರಿಸಿದ ಒಂದು ಅಥ್ಲೆಟಿಕ್ ಸಮಿತಿ ಇರಲಿ. ಅದಕ್ಕೆ ಒಂದಿಷ್ಟು ಹಣ, ಲೆಕ್ಕ ಒಪ್ಪಿಸುವ ಹೊಣೆ, ಮೈದಾನದ ಬೀಗದ ಕೈ ಕೊಡಲಿ. ವರ್ಷಕ್ಕೊಂದು ಕೂಟವನ್ನು ಮೇಷ್ಟ್ರ ಸಲಹೆ ಪಡೆದು ಅವರೇ ನಡೆಸಲಿ. ಮೊದಲ ವರ್ಷ ವೇಳಾಪಟ್ಟಿ ತಪ್ಪೀತು, ರಿಲೇಯ ಕೋಲು ಕಳೆದೀತು. ಎರಡನೆಯ ವರ್ಷಕ್ಕೆ ಕಲಿಯುತ್ತಾರೆ. ಇದಕ್ಕೆ ಸಿಂಥೆಟಿಕ್ ಟ್ರ್ಯಾಕು ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಇಪ್ಪತ್ತು ವರ್ಷದವರ ಮೇಲೆ ನಂಬಿಕೆ ಇಡುವ ಪ್ರಾಂಶುಪಾಲರು ಒಬ್ಬರಿದ್ದರೆ ಸಾಕು, ಈ ವರ್ಷವೇ ಶುರು ಮಾಡಬಹುದು.