ಕಾಂತೀಯ ಏಕಧ್ರುವ ಸಮಸ್ಯೆ

ಕಾಂತೀಯ ಏಕಧ್ರುವ ಎಂದರೆ ಉತ್ತರ ಅಥವಾ ದಕ್ಷಿಣ ಧ್ರುವಗಳಲ್ಲಿ ಒಂದನ್ನು ಮಾತ್ರ ಹೊಂದಿರುವ ಸೈದ್ಧಾಂತಿಕ ಕಣ. ಅಯಸ್ಕಾಂತವನ್ನು ಎಷ್ಟು ತುಂಡರಿಸಿದರೂ ಪ್ರತಿ ತುಂಡಿನಲ್ಲೂ ಎರಡು ಧ್ರುವಗಳಿರುತ್ತವೆ. ಮಹಾ ಏಕೀಕರಣ ಸಿದ್ಧಾಂತಗಳ ಪ್ರಕಾರ ಮಹಾಸ್ಫೋಟದ ಬೆನ್ನಲ್ಲೇ ಏಕಧ್ರುವಗಳು ಅಪಾರ ಸಂಖ್ಯೆಯಲ್ಲಿ ಹುಟ್ಟಬೇಕಿತ್ತು. ಆದರೆ ಇದುವರೆಗೆ ಒಂದೂ ದೃಢಪಟ್ಟಿಲ್ಲ. ಈ ವೈರುಧ್ಯವೇ ಏಕಧ್ರುವ ಸಮಸ್ಯೆ.

ಹಿನ್ನೆಲೆ

ಒಂದೇ ಒಂದು ಏಕಧ್ರುವವಿದ್ದರೂ ವಿದ್ಯುದಾವೇಶವು ನಿರ್ದಿಷ್ಟ ಕನಿಷ್ಠ ಮೊತ್ತದ ಪೂರ್ಣಾಂಕ ಗುಣಕಗಳಲ್ಲಿಯೇ ಇರಬೇಕಾಗುತ್ತದೆ ಎಂದು ಪಾಲ್ ಡಿರಾಕ್ 1931ರಲ್ಲಿ ತೋರಿಸಿದರು. 1974ರಲ್ಲಿ ಗೆರಾರ್ಡ್ ಟ್ ಹೂಫ್ಟ್ ಮತ್ತು ಅಲೆಕ್ಸಾಂಡರ್ ಪೊಲ್ಯಾಕೋವ್ ಅವರ ಪ್ರತ್ಯೇಕ ಅಧ್ಯಯನಗಳು, ಏಕೀಕೃತ ಸಿದ್ಧಾಂತಗಳಲ್ಲಿ ಏಕಧ್ರುವಗಳು ತಾವಾಗಿಯೇ ಮೂಡುತ್ತವೆಂದು ತಿಳಿಸಿದವು. ಅವುಗಳ ರಾಶಿ ಪ್ರೋಟಾನಿನ ರಾಶಿಯ ಸುಮಾರು 10¹⁶ ಪಟ್ಟು. ಇಷ್ಟು ಭಾರದ ಕಣಗಳು ಹೇರಳವಾಗಿ ಉಳಿದಿದ್ದರೆ ವಿಶ್ವದ ಸಾಂದ್ರತೆಯು ವೀಕ್ಷಣೆಗಳನ್ನು ಬಹುವಾಗಿ ಮೀರುತ್ತಿತ್ತೆಂದು ಜಾನ್ ಪ್ರೆಸ್ಕಿಲ್ 1979ರಲ್ಲಿ ಲೆಕ್ಕಹಾಕಿದರು.

ಪರಿಹಾರಗಳು

ಅಲನ್ ಗುತ್ 1981ರಲ್ಲಿ ಪ್ರಕಟಿಸಿದ ಇನ್‌ಫ್ಲೇಷನ್ ಮಾದರಿಯಲ್ಲಿ ವಿಶ್ವವು ಕ್ಷಣಾರ್ಧಕ್ಕಿಂತಲೂ ಕಡಿಮೆ ಅವಧಿಯಲ್ಲಿ ಅಗಾಧವಾಗಿ ಹಿಗ್ಗುತ್ತದೆ. ಆಗ ಏಕಧ್ರುವಗಳು ನಾಶವಾಗುವುದಿಲ್ಲ; ಕಾಣಸಿಗದಷ್ಟು ವಿರಳವಾಗುತ್ತವೆ.

ಪಾಲ್ ಲ್ಯಾಂಗಕರ್ ಮತ್ತು ಸೋ-ಯಂಗ್ ಪಿ 1980ರಲ್ಲಿ ಮಂಡಿಸಿದ ಪರ್ಯಾಯ ಮಾದರಿಯಲ್ಲಿ ವಿದ್ಯುತ್ಕಾಂತೀಯ ಸಮಮಿತಿಯು ಕೆಲಕಾಲ ಮುರಿಯುತ್ತದೆ. ಆಗ ಕಾಂತಬಲರೇಖೆಗಳು ತೆಳುವಾದ ತಂತುಗಳಾಗಿ ವಿರುದ್ಧ ಧ್ರುವಗಳನ್ನು ಎಳೆದು ಸೇರಿಸುತ್ತವೆ. ಅವು ಪರಸ್ಪರ ನಾಶವಾಗುತ್ತವೆ.

ಏಕಧ್ರುವಗಳ ಗೈರುಹಾಜರಿಯೊಂದರಿಂದಲೇ ಯಾವ ಮಾದರಿ ಸರಿಯೆಂದು ನಿರ್ಣಯಿಸಲಾಗದು. ವಿಶ್ವದ ಸಮತಲತೆ ಮತ್ತು ಏಕರೂಪತೆಯನ್ನೂ ವಿವರಿಸುವುದರಿಂದ ಇನ್‌ಫ್ಲೇಷನ್ ಹೆಚ್ಚು ಮನ್ನಣೆ ಪಡೆದಿದೆ.

ಶೋಧ

1982ರ ಫೆಬ್ರವರಿ 14ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಬ್ಲಾಸ್ ಕಾಬ್ರೆರಾ ಅವರ ಅತಿವಾಹಕ ಸುರುಳಿಯು ಏಕಧ್ರುವವನ್ನು ಹೋಲುವ ಒಂದು ಸಂಕೇತವನ್ನು ದಾಖಲಿಸಿತು. ಅದು ಮತ್ತೆ ಕಾಣಿಸಿಕೊಳ್ಳಲಿಲ್ಲ. ಸರ್ನ್‌ನ ಮೋಡಲ್ ಪ್ರಯೋಗವು ಹಗುರವಾದ ಏಕಧ್ರುವಗಳನ್ನು ಅರಸಿದೆ. ಮಹಾ ಏಕೀಕರಣದ ಭಾರೀ ಏಕಧ್ರುವಗಳನ್ನು ಸೃಷ್ಟಿಸುವ ಶಕ್ತಿ ಯಾವ ಕಣವೇಗವರ್ಧಕಕ್ಕೂ ಇಲ್ಲ.