'ಕ್ರಿಸ್ತರ ಕಣ್ಣೀರು': ಪೂಜೆಗಲ್ಲ, ಊಟಕ್ಕೆ

ರೋಮ್ ಯಾತ್ರೆಗೆ ಹೋಗಿ ಬಂದವರು ಜಪಮಾಲೆ, ಸಂತರ ಪದಕಗಳ ಜೊತೆಗೆ ಒಮ್ಮೊಮ್ಮೆ ಒಂದು ಬಾಟಲಿಯನ್ನೂ ತರುವುದುಂಟು. ಅದರ ಮೇಲೆ 'ಲಾಕ್ರಿಮಾ ಕ್ರಿಸ್ತಿ' ಎಂದು ಬರೆದಿರುತ್ತದೆ. ಲತೀನ್ ಭಾಷೆಯಲ್ಲಿ ಇದಕ್ಕೆ 'ಕ್ರಿಸ್ತರ ಕಣ್ಣೀರು' ಎಂದು ಅರ್ಥ. ಹೆಸರು ಕೇಳಿ ಇದು ಪೂಜೆಯ ದ್ರಾಕ್ಷಾರಸವೇ ಇರಬೇಕೆಂದು ತಿಳಿದು, ಮನೆಯ ಅಲ್ತಾರಿನ ಬಳಿ ಭಕ್ತಿಯಿಂದ ಇಟ್ಟುಬಿಡುವವರಿದ್ದಾರೆ. ಹಾಗೆ ವರ್ಷಗಟ್ಟಲೆ ಇಟ್ಟರೆ ಒಳ್ಳೆಯ ವಸ್ತುವೊಂದು ಸುಮ್ಮನೆ ಹಾಳಾಗುತ್ತದೆ.

ಇದು ದಕ್ಷಿಣ ಇಟಲಿಯ ನೇಪಲ್ಸ್ ನಗರದ ಪಕ್ಕದಲ್ಲಿರುವ ವೆಸೂವಿಯಸ್ ಬೆಟ್ಟದ ಇಳಿಜಾರಿನಲ್ಲಿ ಬೆಳೆದ ದ್ರಾಕ್ಷಿಯಿಂದ ಆದದ್ದು. ಕ್ರಿ.ಶ. 79ರಲ್ಲಿ ಪೊಂಪೈ ನಗರವನ್ನು ಬೂದಿಯಲ್ಲಿ ಹೂತುಹಾಕಿದ ಜ್ವಾಲಾಮುಖಿ ಇದೇ. 1944ರಲ್ಲಿ ಕೊನೆಯ ಬಾರಿ ಸಿಡಿಯಿತು. ಲೂಸಿಫರನು ಸ್ವರ್ಗದಿಂದ ಬೀಳುವಾಗ ಅದರ ಒಂದು ತುಣುಕನ್ನು ಕದ್ದುಕೊಂಡು ಬಂದನಂತೆ, ಅದೇ ನೇಪಲ್ಸ್ ಕೊಲ್ಲಿಯಂತೆ. ಅದನ್ನು ಕಂಡು ಕ್ರಿಸ್ತರು ಅತ್ತಾಗ ಕಣ್ಣೀರು ಬಿದ್ದಲ್ಲಿ ದ್ರಾಕ್ಷಿಬಳ್ಳಿ ಹುಟ್ಟಿತು ಎಂದು ಅಲ್ಲಿಯ ಜನ ಹೇಳುತ್ತಾರೆ. ಇದು ಜನಪದ ಕಥೆ ಮಾತ್ರ. ಶುಭಸಂದೇಶದಲ್ಲಿ ಯೇಸು ಅತ್ತದ್ದು ಲಾಜರನ ಸಮಾಧಿಯ ಬಳಿ ಮತ್ತು ಜೆರುಸಲೇಮ್ ಪಟ್ಟಣವನ್ನು ಕಂಡಾಗ.

ಬಲಿಪೂಜೆಯ ದ್ರಾಕ್ಷಾರಸವು ದ್ರಾಕ್ಷಿಯಿಂದಲೇ ಆಗಿರಬೇಕು, ಸಹಜವಾಗಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 924ನೇ ಕಲಮು ಹೇಳುತ್ತದೆ. ಕೆಂಪೇ ಆಗಬೇಕೆಂಬ ನಿಯಮವಿಲ್ಲ, ಬಿಳಿಯದೂ ಆಗುತ್ತದೆ. ಬಾಟಲಿಯ ಹೆಸರಿನಿಂದ ಯಾವ ದ್ರಾಕ್ಷಾರಸವೂ ಪವಿತ್ರವಾಗುವುದಿಲ್ಲ. ಆದುದರಿಂದ ಇಂಥ ಬಾಟಲಿಯನ್ನು ಸಕ್ರಿಸ್ತಿಗೆ ಕಾಣಿಕೆ ಕೊಡುವ ಮೊದಲು ವಿಗಾರರನ್ನು ಕೇಳಿ. ಉಳಿದಂತೆ ಅದರ ಜಾಗ ಊಟದ ಮೇಜು.

ಇದರಲ್ಲಿ ಬಿಳಿ, ಕೆಂಪು ಎರಡೂ ಇವೆ. ಕೆಂಪಿನಲ್ಲಿ ಮುಖ್ಯವಾದದ್ದು 'ಪಿಯೆದಿರೊಸ್ಸೊ' ಎಂಬ ದ್ರಾಕ್ಷಿ, ಅಂದರೆ 'ಕೆಂಪು ಕಾಲು'. ಹಣ್ಣಾಗುವಾಗ ಅದರ ತೊಟ್ಟು ಪಾರಿವಾಳದ ಕಾಲಿನಂತೆ ಕೆಂಪಾಗುತ್ತದೆ. ಊರವರು ಅದನ್ನು 'ಪಾರಿವಾಳದ ಕಾಲು' ಎಂದೇ ಕರೆಯುತ್ತಾರೆ. 1983ರಲ್ಲಿ ಇಟಲಿ ಸರಕಾರ ವೆಸೂವಿಯಸ್ಸಿನ ದ್ರಾಕ್ಷಾರಸಕ್ಕೆ ಅಧಿಕೃತ ಮಾನ್ಯತೆ ನೀಡಿತು. ಈ ಹೆಸರು ಹಾಕಬೇಕಾದರೆ ಮದ್ಯಾಂಶ ಕನಿಷ್ಠ ಶೇಕಡಾ 12 ಇರಬೇಕು. ಹಾಗಾಗಿ 'ಬರೇ ವೈನ್ ಅಲ್ವಾ' ಎಂದು ಲೋಟಗಟ್ಟಲೆ ಕುಡಿಯುವುದು ಸರಿಯಲ್ಲ.

ಈ ಕೆಂಪಿನಲ್ಲಿ ನಾಲಗೆಯನ್ನು ಒಣಗಿಸುವ ಒಗರು ಕಡಿಮೆ, ಹುಳಿ ಚೆನ್ನಾಗಿದೆ. ಊಟಕ್ಕೆ ಹೊಂದುವುದು ಇದರಿಂದಲೇ. ವೆಸೂವಿಯಸ್ಸಿನ ಮಣ್ಣಿನಲ್ಲಿ ಒಳ್ಳೆಯ ಟೊಮೆಟೊ ಕೂಡಾ ಬೆಳೆಯುತ್ತದೆ. ಒಗರು ಹೆಚ್ಚಿರುವ ವೈನ್ ಟೊಮೆಟೊದ ಹುಳಿಯೆದುರು ಗಡುಸಾಗುತ್ತದೆ, ಇದು ಹಾಗಾಗುವುದಿಲ್ಲ. ನೇಪಲ್ಸಿನ ಮನೆಗಳಲ್ಲಿ ಭಾನುವಾರದ ಅಡುಗೆ 'ರಗೂ'. ಹಂದಿ ಮತ್ತು ದನದ ಮಾಂಸದ ದೊಡ್ಡ ತುಂಡುಗಳನ್ನು ಟೊಮೆಟೊದಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಆ ಸಾರನ್ನು ಮೊದಲು ಪಾಸ್ತಾದ ಮೇಲೆ ಹಾಕಿ, ಮಾಂಸವನ್ನು ಆಮೇಲೆ ಬಡಿಸುತ್ತಾರೆ. ಈ ಊಟದ ಜೊತೆಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗಂತೂ ತೋಚುವುದಿಲ್ಲ. ಪಿಜ್ಜಾ, ಹಂದಿಮಾಂಸದ ಸಾಸೇಜು, ಬದನೆ ಮತ್ತು ಚೀಸನ್ನು ಪದರ ಪದರವಾಗಿ ಬೇಯಿಸಿದ 'ಪಾರ್ಮಿಜಾನಾ' ಕೂಡಾ ಹೊಂದುತ್ತವೆ.

ಮೀನಿಗೆ ಕೆಂಪು ಆಗದು ಎಂಬ ಮಾತಿದೆ. ಒಗರು ಹೆಚ್ಚಿರುವ ಕೆಂಪು ಮೀನಿನ ಜೊತೆ ಬಾಯಲ್ಲಿ ಕಬ್ಬಿಣದ ರುಚಿ ಬಿಡುವುದು ನಿಜ. ಆದರೆ ಇದು ಮೃದುವಾದದ್ದರಿಂದ ನೇಪಲ್ಸಿನವರು ಟೊಮೆಟೊದಲ್ಲಿ ಬೇಯಿಸಿದ ಆಕ್ಟೋಪಸ್ ಜೊತೆಗೂ ಕುಡಿಯುತ್ತಾರೆ. ನಮ್ಮ ಬಫಾತಿನ ಖಾರದ ಜೊತೆ ಮಾತ್ರ ಬೇಡ. ಮದ್ಯ ಖಾರವನ್ನು ಹೆಚ್ಚಿಸುತ್ತದೆ, ವೈನಿನ ರುಚಿಯೂ ತಿಳಿಯುವುದಿಲ್ಲ.

ಹಳೆಯದಾದಷ್ಟೂ ಒಳ್ಳೆಯದೆಂಬ ನಂಬಿಕೆ ಇದಕ್ಕೆ ಅನ್ವಯಿಸದು. ಸಾಮಾನ್ಯ ಬಾಟಲಿಗಳನ್ನು ಕೆಲವೇ ವರ್ಷಗಳೊಳಗೆ ಕುಡಿದು ಮುಗಿಸಬೇಕು. ನಮ್ಮ ಸೆಕೆಗೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ತೆರೆದ ಮೇಲೆ ಎರಡು ಮೂರು ದಿನ ಬಾಳುತ್ತದೆ. ಮಿಕ್ಕದ್ದನ್ನು ಮಾಂಸ ಬೇಯಿಸುವಾಗ ಪಾತ್ರೆಗೆ ಸುರಿಯಬಹುದು. ರಗೂವಿಗೆ ಅವರೂ ಕೆಂಪು ವೈನ್ ಹಾಕುತ್ತಾರೆ.