ಹಡಗಿನಿಂದ ಇಳಿಯುವ ಮುನ್ನ

ಮುಶಿಗೇರಿಯ ಎರೆಹೊಲಗಳಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿ, ಗಜೇಂದ್ರಗಡದ ಕಾಲಕಾಲೇಶ್ವರನಿಗೆ ಈಗ ಮೆಟ್ಟಿಲ ಬುಡದಿಂದಲೇ ಕೈಮುಗಿಯುವ ಹಿರಿಯರೊಬ್ಬರು, ಮಕ್ಕಳ ಒತ್ತಾಯಕ್ಕೆ ಮಣಿದು ಸಮುದ್ರಯಾನಕ್ಕೆ ಹೊರಟರೆಂದು ಭಾವಿಸೋಣ. ಹಡಗಿನೊಳಗೆ ಲಿಫ್ಟ್ ಉಂಟು. ಮೊಣಕಾಲಿನ ಪರೀಕ್ಷೆ ನಡೆಯುವುದು ದಡದಲ್ಲಿ.

ಆದಕಾರಣ ಟಿಕೆಟ್ ಕೊಳ್ಳುವ ಮೊದಲೇ ಕೇಳತಕ್ಕ ಪ್ರಶ್ನೆಯೊಂದುಂಟು: ಹಡಗು ಧಕ್ಕೆಗೆ ತಾಗಿ ನಿಲ್ಲುವುದೋ, ನಡುನೀರಿನಲ್ಲಿ ಲಂಗರು ಹಾಕುವುದೋ? ನವಮಂಗಳೂರು ಬಂದರಿನಲ್ಲಿ ಅದು ಧಕ್ಕೆಗೇ ಬರುವುದರಿಂದ ಆಸರೆ ಹಿಡಿದು ನಿಧಾನವಾಗಿ ಇಳಿಯಬಹುದು. ಹವಳದ ದಿಬ್ಬಗಳಿಂದ ಸುತ್ತುವರಿದ, ಆಳವಿಲ್ಲದ ನೀರಿನ ಲಕ್ಷದ್ವೀಪದ ಅಗತ್ತಿಯಂತಹ ಕಡೆಗಳಲ್ಲಾದರೋ, ಅಲೆಗೆ ಏರಿಳಿಯುವ ಸಣ್ಣ ದೋಣಿಗೆ ಕಾಲಿಡಬೇಕು. ಕಡಲು ಕೆರಳಿದ ದಿನ ಗಾಲಿಕುರ್ಚಿಯವರನ್ನು ನಾವಿಕರು ಇಳಿಸದೆಯೂ ಇರಬಹುದು. ಅದು ಅವಮಾನವಲ್ಲ, ವಿವೇಕ.

ಮಂಗಳೂರಿನಲ್ಲಿ ಇಳಿದ ಯಾತ್ರಿಕರು ಮೂಡುಬಿದಿರೆ, ಕಾರ್ಕಳಗಳತ್ತ ಸಾಗುವುದುಂಟು. ಮೂಡುಬಿದಿರೆಯ 1430ರ ಸಾವಿರಕಂಬದ ಬಸದಿಯಲ್ಲಿ ಪಾದರಕ್ಷೆ ಕಳಚಿ ಕಲ್ಲುಹಾಸಿನ ಮೇಲೆ ನಡೆಯಬೇಕಾದ್ದರಿಂದ ಬಿಸಿಲೇರುವ ಮುನ್ನವೇ ತಲುಪುವುದು ಲೇಸು. ಕಾರ್ಕಳದಲ್ಲಿ 1432ರ, 42 ಅಡಿ ಎತ್ತರದ ಬಾಹುಬಲಿ ನಿಂತಿರುವುದು ಬಂಡೆಗುಡ್ಡದ ನೆತ್ತಿಯಲ್ಲಿ. ವಾಹನ ಎಲ್ಲಿಯವರೆಗೆ ಹೋಗುವುದು, ಅಲ್ಲಿಂದಾಚೆಗೆ ಮೆಟ್ಟಿಲೆಷ್ಟು ಎಂಬುದನ್ನು ಹೊರಡುವ ಮುನ್ನವೇ ಸ್ಪಷ್ಟವಾಗಿ ಕೇಳಿರಿ. 'ಸುಲಭದ ನಡಿಗೆ' ಎಂಬ ಕರಪತ್ರದ ಮಾತನ್ನು ಯುವಕರು ಬರೆದಿರುತ್ತಾರೆ!

ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತ ಕಾರು ಗೊತ್ತುಮಾಡಿದವರಿಗೆ ಬೇಕಾದಲ್ಲಿ ಕೂರುವ ಸ್ವಾತಂತ್ರ್ಯವಿದೆ, ಆದರೆ ಅವರಿಗಾಗಿ ಹಡಗು ನಿಲ್ಲದು. ಎರಡು ತಾಸು ಮುಂಚಿತವಾಗಿಯೇ ಧಕ್ಕೆ ಸೇರತಕ್ಕದ್ದು.